ಎಣ್ಣೆ ಕಲೆಯ ನೀಲಿ ಅಂಗಿ

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯವರು ಪವರ್‌ಲೂಮ್ ರಿಪೇರಿ ಮಾಡುತ್ತಿದ್ದರು. ತಾರಸಿಯ ಮೇಲೆ ರೇಸ್ ಪಾರಿವಾಳ ಸಾಕಿದ್ದರು. ದಿನಾ ಬೆಳಿಗ್ಗೆ ಎಣ್ಣೆ ಕಲೆಯ ಅದೇ ನೀಲಿ ಅಂಗಿ ತೊಟ್ಟು, ಡಬ್ಬಿಯಲ್ಲಿ ಜೋಳ ಅಲ್ಲಾಡಿಸಿ, ಅಂಗೈ ಚಾಚಿ ಕೂತುಬಿಡುವರು. ಹಕ್ಕಿ ತಾನಾಗಿ ಕೈಗೆ ಬರುವವರೆಗೆ ಕದಲುತ್ತಿರಲಿಲ್ಲ.

"ರೇಸಿನ ಹಕ್ಕಿಗೆ ಇಷ್ಟೊಂದು ಸಲಿಗೆ ಯಾಕ್ರೀ?" ಎಂದು ನಾನು ರೇಗಿಸಿದರೆ ಯಾವಾಗಲೂ ಒಂದೇ ಉತ್ತರ: "ಹಾರೋದು ಅದಕ್ಕೇ ಬರುತ್ತೆ ಮೇಷ್ಟ್ರೇ. ಇಳಿಯೋಕೆ ನಂಬಿಕೆ ಬೇಕು."

ಒಂದು ರೇಸಿನ ದಿನ ಮದುವೆಯೂಟ ಮುಗಿಸಿ, ಹೊಸ ಬಿಳಿ ಅಂಗಿಯಲ್ಲೇ ತಾರಸಿಗೆ ಓಡಿಬಂದರು. ಅವರ ಬೂದು ಹಕ್ಕಿಯೇ ಮೊದಲು ಬಂತು. ಆದರೆ ಕೈಗೆ ಇಳಿಯದೆ, ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ಕತ್ತು ಕೊಂಕಿಸಿ ನೋಡಿತು. ಹಕ್ಕಿ ಕೈಗೆ ಸಿಕ್ಕಿ, ಅದರ ಕಾಲಿಗೆ ಹಾಕಿದ ರೇಸಿನ ಉಂಗುರವನ್ನು ಎಲ್ಲರಿಗಿಂತ ಮೊದಲು ಬಿಚ್ಚಿದರೇನೇ ಗೆಲುವು. ನಾನು ಕೂಗಾಡಿದೆ. ಅವರು ಹಣೆ ಚಚ್ಚಿಕೊಂಡು, "ಪಾಪ, ನನ್ನನ್ನೇ ಹುಡುಕ್ತಾ ಇದೆ," ಎಂದು ಕೆಳಗೆ ಹೋಗಿ ಹಳೇ ಅಂಗಿ ತೊಟ್ಟು ಬಂದರು. ಹಕ್ಕಿ ನೇರ ಕೈಗಿಳಿಯಿತು. ಅಷ್ಟರಲ್ಲಿ ರೇಸ್ ಬೇರೆಯವರ ಪಾಲಾಗಿತ್ತು. ಅವರೋ ಹಕ್ಕಿಯ ಕತ್ತು ಸವರುತ್ತ, "ತಪ್ಪಾಯ್ತು ಕಣಮ್ಮ," ಎನ್ನುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಮೂರನೇ ದಿನ ನಾನೇ ಹೋಗಿ ಗೂಡು ತೆರೆದೆ. ಹಕ್ಕಿಗಳೆಲ್ಲ ಹಾರಿದವು, ಎಷ್ಟು ಡಬ್ಬಿ ಅಲ್ಲಾಡಿಸಿದರೂ ಒಂದೂ ಇಳಿಯಲಿಲ್ಲ. ಆ ಹಕ್ಕಿಗಳ ಸಹವಾಸವೇ ಬೇಡ ಎನ್ನುತ್ತಿದ್ದ ಅವರ ಹೆಂಡತಿ, ಸೀರೆಯ ಮೇಲೆ ನೀಲಿ ಅಂಗಿ ತೊಟ್ಟು ಮೇಲೆ ಬಂದರು. ಕೂತು ಅಂಗೈ ಚಾಚಿದರು. ಸುತ್ತಿ ಸುತ್ತಿ, ಬೂದು ಹಕ್ಕಿ ಆ ಕೈಗೆ ಇಳಿಯಿತು.

"ಇನ್ನೂ ಒಗೆದಿಲ್ಲ ಮೇಷ್ಟ್ರೇ," ಎಂದರು.