ಸೆಟ್ ಪಂಡಿತರ ಕಾರ್ಡುಗಳು

ನಿಘಂಟು ಕಚೇರಿಯ ಎರಡನೇ ಮಹಡಿಯ ಪಂಡಿತರು ಒಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ. ‘ಸೆಟ್’ ಎಂಬ ಹಳೆಯ ಇಂಗ್ಲಿಷ್ ಪದವನ್ನು ನಮ್ಮ ಜನ ಯಾವ ಯಾವ ಅರ್ಥದಲ್ಲಿ ಬಳಸುತ್ತಾರೆಂದು ಪಟ್ಟಿ ಮಾಡುವುದು. ಅಷ್ಟು ವರ್ಷದಲ್ಲಿ ಜನ ಮಕ್ಕಳನ್ನು ಹೆತ್ತು ಶಾಲೆಗೆ ಕಳಿಸುತ್ತಾರೆ. ಇವರು ಹೊಟ್ಟೆ ಬೆಳೆಸಿದರು.

ಪ್ರತಿ ಬಳಕೆಗೂ ಒಂದು ಕಾರ್ಡು. ಅದರಲ್ಲಿ ಮಾತು, ಹೇಳಿದವರು ಯಾರು, ಎಲ್ಲಿ ಕೇಳಿದ್ದು, ಇಷ್ಟೂ ಇರಬೇಕು. ಅಂದರೆ ಬೀದಿಗಿಳಿಯಬೇಕು. ಪಂಡಿತರು ಮೆಟ್ಟಿಲಿಳಿಯುತ್ತಿದ್ದದ್ದು ಮನೆಗೆ ಹೋಗಲು ಮಾತ್ರ. ಫ್ಯಾನಿನ ಕೆಳಗೆ ಕೂತು ತಾವೇ ವಾಕ್ಯ ಹೊಸೆದು, ದರ್ಜಿ ಹೇಳಿದ್ದು, ಬಡಗಿ ಹೇಳಿದ್ದು ಎಂದು ಗೀಚಿಬಿಡುತ್ತಿದ್ದರು. ಅದಕ್ಕೆ ಸಂಬಳ ಬೇರೆ.

ಬೀದಿಗಿಳಿದವಳು ಕಚೇರಿಯ ಟೈಪಿಸ್ಟು. ಊಟದ ಬಿಡುವಿನಲ್ಲಿ ಅಂಗಡಿ ಅಂಗಡಿ ಅಲೆದು ಕಾರ್ಡು ತುಂಬಿಸಿ ತರುತ್ತಿದ್ದಳು. ಅದರಲ್ಲೊಂದು ತೀರಿಹೋದ ಅಪ್ಪನ ಮಾತು. ಸಿಮೆಂಟು ಮೆತ್ತುತ್ತ ಅವರು ಅಂದಿದ್ದರು: “ಸೆಟ್ ಆಗೋವರೆಗೂ ಕಾಲಿಡಬೇಡಮ್ಮ. ಆಮೇಲೆ ಆನೆ ಬಂದ್ರೂ ಏನೂ ಆಗಲ್ಲ.” ಅಪ್ಪನ ಆ ಒಂದು ಮಾತು ಅಚ್ಚಾಗಬೇಕೆಂಬುದೇ ಅವಳ ಆಸೆ.

“ಕೂಲಿಯವರ ಮಾತು ನಿಘಂಟಿಗೆ ಯಾಕಮ್ಮ?” ಎಂದು ಮೂಗು ಮುರಿದು, ಪೂರ್ತಿ ಓದದೆಯೇ ಪಂಡಿತರು ಅದನ್ನು ಕಸದ ಬುಟ್ಟಿಗೆ ಎಸೆದರು. ಅವಳ ಉಳಿದ ಕಾರ್ಡುಗಳಿಗೂ ಅದೇ ಗತಿ. ಇಂಥವರಿಗೆ ಪಂಡಿತರೆಂದು ಕೈಮುಗಿಯಬೇಕಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಎಲ್ಲವನ್ನೂ ಎತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು.

ಅಚ್ಚಿಗೆ ಮುಂಚೆ ನಿಘಂಟು ಸಮಿತಿಯ ಅಧ್ಯಕ್ಷೆ ತಪಾಸಣೆಗೆ ಬಂದರು. ಪಂಡಿತರ ರಾಶಿಯಿಂದ ಒಂದು ಕಾರ್ಡು ಎಳೆದು ಓದಿದರು: “ನಿಮ್ಮ ಕೂದಲು ಸೆಟ್ ಮಾಡ್ತಿದೀನಿ, ಅಲ್ಲಾಡಬೇಡಿ ಸರ್. ಎದುರಿನ ಕಟಿಂಗ್ ಅಂಗಡಿಯವರು ನನಗೆ ಹೇಳಿದ್ದು.” ಓದಿ, ಪಂಡಿತರ ತಲೆ ನೋಡಿದರು. ಅದೋ ಬೆಳಗಿದ ತಾಮ್ರದ ಚೊಂಬು. ಅಂಗಡಿಯವನನ್ನು ಮೇಲಕ್ಕೆ ಕರೆಸಿದರು.

“ಇವರು ನನ್ನ ಅಂಗಡಿಗೆ ಬಂದೇ ಇಲ್ಲ ಮೇಡಂ,” ಎಂದ ಅವನು. “ಬಂದಿದ್ರೂ ಏನನ್ನ ಸೆಟ್ ಮಾಡ್ಲಿ? ನನ್ನ ಮಾತು ಬರ್ಕೊಂಡು ಹೋಗಿದ್ದು ಈ ಅಕ್ಕ,” ಎಂದು ಟೈಪಿಸ್ಟಿನತ್ತ ಕೈ ತೋರಿಸಿದ.

ಅಧ್ಯಕ್ಷೆ ರಾಶಿಯನ್ನು ಪಕ್ಕಕ್ಕೆ ತಳ್ಳಿದರು. “ನಿಜವಾದ ಕಾರ್ಡು ಇಲ್ಲ ಅಂದ್ರೆ ಈ ಪದಾನೇ ಬಿಟ್ಬಿಡ್ತೀವಿ.”

ಟೈಪಿಸ್ಟು ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಪಂಡಿತರು ಇಂಗು ತಿಂದ ಮಂಗನಂತಾದರು.

“ಇದನ್ನ ಮೊದಲೇ ಕೊಡಬಾರದಿತ್ತೇನಮ್ಮ?”

“ಕೊಟ್ಟಿದ್ದೆ ಸರ್. ನಿಮ್ಮ ಬುಟ್ಟಿಯಿಂದಲೇ ವಾಪಸ್ ತಗೊಂಡಿದ್ದು.”

“ಮೇಲಿರೋದನ್ನ ನೀವೇ ಓದಿ,” ಎಂದರು ಅಧ್ಯಕ್ಷೆ. ಪಂಡಿತರು ಕನ್ನಡಕ ಸರಿಮಾಡಿಕೊಂಡು ಓದಿದರು. ಆನೆಯವರೆಗೆ ಸಲೀಸಾಗಿ ಬಂತು. ಆಮೇಲೆ ದನಿ ಇಳಿಯಿತು.

“ಹೇಳಿದವರು, ನನ್ನ ಅಪ್ಪ, ಗಾರೆ ಕೆಲಸದವರು. ಕೇಳಿದ್ದು, ಈ ಕಚೇರಿಯ ಮೆಟ್ಟಿಲು ಕಟ್ಟಿದ ದಿನ.”