ಬಯಾನ್ ಲೆಪಾಸ್‌ನಿಂದ ಐಸ್ ಅಂಗಳದವರೆಗೆ

ಲಾಕ್‌ಡೌನ್‌ಗೆ ಮುಂಚಿನ ಭಾನುವಾರ, ಕ್ವಾಲಾಲಂಪುರದ ಐಸ್ ರಿಂಕಿನಲ್ಲಿ, ಮಂಜುಗಡ್ಡೆ ಅಂಗಳದ ಅಂಚಿನ ಕಂಬಿಗೆ ಒರಗಿ, ನನ್ನ ಗಂಡ ಪ್ರಕಾಶ್ ಎಂದಿನಂತೆ "ಫೌಲ್!" ಎಂದು ಕೂಗಿದರು. ಮಗಳು ನಿಧಿಯ ಸ್ಟಿಕ್ಕಿನ ಹಿಂಬದಿ ಪಕ್‌ಗೆ, ಅಂದರೆ ಐಸ್ ಹಾಕಿಯ ರಬ್ಬರ್ ಬಿಲ್ಲೆಗೆ, ತಾಗಿತ್ತು.

"ಅಪ್ಪಾ, ಇದು ಐಸ್ ಹಾಕಿ ಲಾ! ಅಲೌಡ್!"

"ಯಾವ ಹಾಕಿ ಆದ್ರೂ ಹಾಕೀನೇ ಕಣೇ!"

ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದವರು ಅವರು. ಹುಲ್ಲಿನ ಮೇಲಿನ ಹಾಕಿಯಲ್ಲಿ ಹಿಂಬದಿ ತಾಗಿದರೆ ಫೌಲ್. ನಾವಿರುವ ದ್ವೀಪದ ಊರಾದ ಬಯಾನ್ ಲೆಪಾಸ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿನಲ್ಲಿ ಅದೇ ನಿಯಮ ಹೇಳಿ ಮಗಳನ್ನು ಪಳಗಿಸಿದ್ದರು. ಸ್ಟಿಕ್ ತಿರುಗಿಸಿ ಮುಂಬದಿಯಿಂದಲೇ ಹೊಡೆಯುವುದು ಅವಳ ಮಣಿಕಟ್ಟಿನಲ್ಲಿ ಕೂತುಬಿಟ್ಟಿತ್ತು.

ಮರುವರ್ಷ ಕೋವಿಡ್‌ನಲ್ಲಿ ಅವರು ಹೋದರು. ರಿಂಕ್ ಮತ್ತೆ ತೆರೆದು ಹುಡುಗಿಯರ ಟೂರ್ನಿ ನಿಗದಿಯಾದಾಗ ನಿಧಿ ಹೇಳಿದಳು: "ಒಂದ್ಸಲ ಆಡಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸ್ಕೇಟ್ಸ್ ಯಾರಿಗಾದ್ರೂ ಕೊಟ್ಬಿಡೋಣ."

ತುಂತುರು ಮಳೆಯಲ್ಲಿ ದ್ವೀಪದ ಸೇತುವೆ ದಾಟಿ ಕ್ವಾಲಾಲಂಪುರಕ್ಕೆ ಹೊರಟೆವು. ಹೆದ್ದಾರಿಯಲ್ಲಿ ನಾನು ಕಾರು ಓಡಿಸಿದ್ದು ಅದೇ ಮೊದಲು.

"ಅಮ್ಮಾ, ಲಾರಿ ಕೂಡ ನಮ್ಮನ್ನ ಓವರ್‌ಟೇಕ್ ಮಾಡ್ತಿದೆ."

"ಮಾಡ್ಲಿ ಬಿಡು, ಅದಕ್ಕೇನೋ ಅರ್ಜೆಂಟು."

ದಾರಿಯಲ್ಲಿ ತಾಪಾ ಊರಿನ ಹತ್ತಿರ, ನಾವು ಯಾವಾಗಲೂ ನಿಲ್ಲುತ್ತಿದ್ದ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಪರೋಟದಂಥ ರೊಟ್ಟಿ ಚನಾಯ್ ತಿಂದೆವು. ಅಂಗಡಿಯವರು ಮಾಸ್ಕ್ ಸರಿಸಿ ತಮಿಳಿನಲ್ಲಿ, "ಅಣ್ಣ ವರಲಿಯಾ?" ಎಂದು ಪ್ರಕಾಶ್ ಬಾರದ್ದನ್ನು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ನಿಧಿ ಇಲ್ಲವೆಂದು ತಲೆಯಾಡಿಸಿದಳು. ಅವರು ಅವಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸಾರು ಸುರಿದರು.

ರಿಂಕಿನ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು ಒಳಗೆ ಬಿಟ್ಟರು. ಹೊರಗಿನ ಸೆಕೆಯಿಂದ ಬಂದ ನನಗೆ ಒಳಗೆ ಸ್ವೆಟರ್ ಸಾಲಲಿಲ್ಲ. ಫೈನಲ್‌ನಲ್ಲಿ ಎರಡೂ ತಂಡಗಳು ಸಮಸಮ. ಕೊನೆಗಳಿಗೆಯಲ್ಲಿ ಪಕ್ ನಿಧಿಯ ಬಳಿಗೆ ಬಂತು, ಆದರೆ ತಪ್ಪು ಬದಿಗೆ. ಸ್ಟಿಕ್ ತಿರುಗಿಸಲು ಸಮಯವಿರಲಿಲ್ಲ.

"ಬ್ಯಾಕ್‌ಹ್ಯಾಂಡ್ ಮಾ, ಬ್ಯಾಕ್‌ಹ್ಯಾಂಡ್!" ಕೋಚ್ ಶಾಲಿನಿ ಕಿರುಚಿದರು.

ನಿಧಿ ಹಿಂಬದಿಯಿಂದಲೇ ಹೊಡೆದಳು. ಬಲೆ ಅಲುಗಿತು. ಹುಡುಗಿಯರೆಲ್ಲ ಅವಳ ಮೇಲೆ ಬಿದ್ದರು. ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ. ಮಾಸ್ಕ್ ಗಲ್ಲಕ್ಕೆ ಜಾರಿದ್ದು ಗೊತ್ತೇ ಆಗಲಿಲ್ಲ. ರಾಶಿಯಿಂದ ಎದ್ದ ನಿಧಿ ಸ್ಟಿಕ್ ಮೇಲೆತ್ತಿ, ಅಪ್ಪ ನಿಲ್ಲುತ್ತಿದ್ದ ಕಂಬಿಯ ಕಡೆ ತಿರುಗಿ, ಒಂದು ಕ್ಷಣ ಕಾದಳು.

ವಾಪಸ್ ಬರುವಾಗ ಕಪ್‌ಗೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿದ್ದಳು. ನಾನು ಎರಡು ಲಾರಿ ಹಿಂದಿಕ್ಕಿದೆ.

"ಸೂಪರ್ ಅಮ್ಮಾ! ಸ್ಕೇಟ್ಸ್ ಸಾಣೆಗೆ ಕೊಡ್ಬೇಕು, ಮುಂದಿನ ವಾರ ಪ್ರಾಕ್ಟೀಸ್ ಇದೆ."

ಸೇತುವೆಯ ಆಚೆ ದ್ವೀಪದ ದೀಪಗಳು ಕಂಡವು. ಹಿಂಬದಿಯಿಂದ ಗೋಲು ಹೊಡೆದು ಗೆದ್ದು ಬಂದಿದ್ದೆವು. ಫೌಲ್ ಎಂದು ಯಾರೂ ಕೂಗಿರಲಿಲ್ಲ.