ಚಾಮಯ್ಯ ಮುದ್ದೆ ಬಿಟ್ಟದ್ದು

ಮೈಸೂರಿನ ಕೆಸರೆಯ ನಮ್ಮ ಬೀದಿಯಲ್ಲಿ ಚಾಮಯ್ಯ ಕೂತಿದ್ದನ್ನು ಕಂಡವರು ಕಡಿಮೆ. ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು ಅವನು. ನಾನು ಅದೇ ಬಸ್ಸಿನ ಡ್ರೈವರ್, ನಂಜಯ್ಯ ಅಂತ. ಕೂತು ಕೂತು ನನ್ನ ಸೊಂಟ ಹೋಯಿತು, ನಿಂತು ನಿಂತು ಅವನಿಗೆ ಕೂರುವುದೇ ಮರೆತುಹೋಯಿತು. ರಿಟೈರ್ ಆದ ಮೇಲೂ ಅಷ್ಟೆ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಾನೆ, ಮಾತಿನ ನಡುವೆ ಗೇಟಿನವರೆಗೆ ಹೋಗಿ ಬರುತ್ತಾನೆ. ನೋಡುವವರ ಕಾಲು ನೋಯಬೇಕು. "ಒಂದ್ ಗಳಿಗೆ ಕೂತ್ಕೊಳಯ್ಯ, ಕುರ್ಚಿ ಏನ್ ಕಚ್ಚಲ್ಲ" ಅಂದರೆ, "ನೀ ಕೂತಿದ್ದೀಯಲ್ಲ, ಸಾಕು ಬುಡು" ಅನ್ನುತ್ತಾನೆ.

ಮುದ್ದೆಯ ಮುಂದೆ ಮಾತ್ರ ಕೂರುತ್ತಿದ್ದ. ಮಧ್ಯಾಹ್ನ ಡಿಪೋದಲ್ಲಿ ಡಬ್ಬಿ ಬಿಚ್ಚಿದರೆ ಎರಡು ಮುದ್ದೆ, ಸೊಪ್ಪಿನ ಬಸ್ಸಾರು. ಚಕ್ಕಳಮಕ್ಕಳ ಹಾಕಿ, ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದ. ನಾನು ಚಪಾತಿ ತಂದ ದಿನ ಕೇಳಬೇಕು ಅವನ ಮಾತು: "ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಕಣೋ. ಚಪಾತಿ ತಿಂದವನು ಏನ್ ಕಿತ್ತ?" ಆಗಷ್ಟೇ ಉಂಡು ಕೈ ತೊಳೆದವನಿಗೂ ಅವನು ಉಣ್ಣುವುದನ್ನು ನೋಡಿದರೆ ಬಾಯಲ್ಲಿ ನೀರೂರುತ್ತಿತ್ತು.

ಅಂಥವನ ಒಬ್ಬಳೇ ಮಗಳು ಸೌಮ್ಯಶ್ರೀ. ಶ್ರೀರಾಂಪುರದ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. ಒಂದು ದಿನ ಪಾಠದ ನಡುವೆ ಹೊಟ್ಟೆ ಹಿಡಿದುಕೊಂಡು ಕುಸಿದಳು. ಸಣ್ಣ ಕರುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು, ಕರುಳು ಕಪ್ಪಾಗಿತ್ತು, ಕತ್ತರಿಸಿ ತೆಗೆಯದೆ ಬೇರೆ ದಾರಿ ಇರಲಿಲ್ಲ ಎಂದರು ಡಾಕ್ಟರು. ಉಳಿದದ್ದು ಒಂದು ಗೇಣು. ತಿಂದದ್ದನ್ನು ಮೈಗೆ ಹತ್ತಿಸುವ ಅಂಗವೇ ಹೋದ ಮೇಲೆ ತಿಂದು ಏನು ಬಂತು? ಎದೆಯ ಹತ್ತಿರ ಒಂದು ಸಣ್ಣ ಪೈಪು ಕೂರಿಸಿ, ದಿನವೂ ಹಾಲಿನ ಬಣ್ಣದ ದ್ರವವನ್ನು ನೇರ ರಕ್ತಕ್ಕೆ ಬಿಡುತ್ತಿದ್ದರು. ಆ ಪೈಪಿಗೆ ಸೋಂಕು ತಗುಲಿ ಎರಡು ಸಲ ಹುಡುಗಿ ಸಾವಿನ ಬಾಗಿಲು ತಟ್ಟಿ ಬಂದಳು.

ಆಗ ಆ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಮಗಳ ಎದುರು ಯಾರೂ ಉಣ್ಣುವಂತಿಲ್ಲ. ಹಸಿವಿದ್ದೂ ತಿನ್ನಲಾಗದವಳ ಮುಂದೆ ತಟ್ಟೆ ಹಿಡಿಯುವುದು ಪಾಪವಲ್ಲವೇ? ಚಾಮಯ್ಯನ ಹೆಂಡತಿ ಸುಮಿತ್ರಮ್ಮ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದರು. ಗಂಡ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, ತಟ್ಟೆಯ ಸದ್ದಾಗದಂತೆ, ಕಳ್ಳರ ಹಾಗೆ ನಾಲ್ಕು ತುತ್ತು ನುಂಗಿ ಬರುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ದೂರದ ಊರಿನ ಆಸ್ಪತ್ರೆಯಿಂದ ಫೋನ್ ಬಂತು. ಅಪಘಾತದಲ್ಲಿ ಮಿದುಳು ಸತ್ತವರೊಬ್ಬರ ಮನೆಯವರು ಕರುಳನ್ನೂ ದಾನ ಮಾಡಲು ಒಪ್ಪಿದ್ದರು. ಅಂಥ ಹೊತ್ತಿನಲ್ಲೂ ಇನ್ನೊಬ್ಬರ ಮಗಳನ್ನು ನೆನೆದ ಆ ಪುಣ್ಯಾತ್ಮರು ಎಲ್ಲಿದ್ದರೂ ಚೆನ್ನಾಗಿರಲಿ. ಕಸಿ ಮುಗಿಯುವವರೆಗೆ ಚಾಮಯ್ಯ ಆಸ್ಪತ್ರೆಯ ಕಾರಿಡಾರನ್ನು ಎಷ್ಟು ಸಲ ತುಳಿದನೋ, ಕೊನೆಗೆ ವಾಚ್‌ಮನ್ನೇ ರೇಗಿದ. ಜೊತೆಗೆ ಹೋಗಿದ್ದ ನನ್ನನ್ನು ಚಾಮಯ್ಯ ಮೂಲೆಗೆ ಕರೆದು ಹೇಳಿದ:

"ನಂಜಯ್ಯ, ನಂಜನಗೂಡಪ್ಪಂಗೆ ಮಾತು ಕೊಟ್ಬುಟ್ಟಿವ್ನಿ. ನನ್ ಮಗಳು ನನ್ ಮುಂದೆ ಕೂತು ಒಂದು ಮುದ್ದೆ ಉಣ್ಣೋಗಂಟ ನಾನು ಮುದ್ದೆ ಮುಟ್ಟಲ್ಲ ಅಂತ."

"ಮುದ್ದೆ ಬದ್ಲು ಇಡ್ಲಿ ಬುಡ್ತೀನಿ ಅನ್ನಕ್ಕೆ ಬಾಯಿ ಬರ್ಲಿಲ್ವೇನಯ್ಯ ನಿಂಗೆ?"

"ದೇವ್ರಿಗೆ ಪ್ರೀತಿದ್ದೇ ಬುಡ್ಬೇಕು ಕಣೋ. ಯಾರ್ಗೂ ಹೇಳ್ಬೇಡ, ಹೇಳುದ್ರೆ ಫಲ ಇರಲ್ಲ."

ಕರುಳು ಕೂಡಿಕೊಂಡಿತು. ಕೆಲವು ತಿಂಗಳಿಗೆ ಸೌಮ್ಯಶ್ರೀ ಕೆಸರೆಗೆ ಬಂದಳು. ಇಂಥ ಕಸಿ ಆದವರ ಮೈಗೆ ಊಟ ಎಷ್ಟು ಹತ್ತುತ್ತದೆ, ಯಾರು ಪೈಪಿನ ಹಂಗು ಬಿಡುತ್ತಾರೆ, ಯಾರು ಬಿಡಲಾರರು ಎಂದು ಆ ಆಸ್ಪತ್ರೆಯವರು ಸಂಶೋಧನೆ ನಡೆಸಿದ್ದರು. ಅದಕ್ಕಾಗಿ ಮೈಸೂರಿನವರೇ ಆದ ಮಾಲವಿಕಾ ಎಂಬ ಆಹಾರತಜ್ಞೆ ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ತೂಕ ನೋಡುತ್ತಿದ್ದರು, ತೋಳಿಗೆ ಟೇಪು ಸುತ್ತಿ ಅಳೆಯುತ್ತಿದ್ದರು, ಕಬ್ಬಿಣದಂಶ, ವಿಟಮಿನ್ ನೋಡಲು ರಕ್ತ ತೆಗೆಸುತ್ತಿದ್ದರು. ಮೈಯಲ್ಲಿ ನೀರು ತುಂಬಿದರೂ ತೂಕ ಏರುತ್ತದೆ, ತೋಳಿನ ಮಾಂಸ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು.

ಚಾಮಯ್ಯ ಮೊದಲ ದಿನವೇ ಕೇಳಿದ: "ಮುದ್ದೆ ಯಾವಾಗ ಕೊಡ್ಬೌದು ಮೇಡಮ್ಮೋರೆ?"

"ಈಗಲೇ ಬೇಡ ಚಾಮಯ್ಯನವರೇ. ರಾಗಿಯಲ್ಲಿ ನಾರು ಜಾಸ್ತಿ, ಇವರ ಹೊಸ ಕರುಳಿಗೆ ಭಾರ ಆಗುತ್ತೆ. ಮೆತ್ತಗೆ ಬೆಂದ ಅನ್ನ, ಇಡ್ಲಿ, ಮೊಟ್ಟೆ ಕೊಡಿ. ಮುದ್ದೆ ವಿಷಯ ಮುಂದಿನ ವರ್ಷ ನೋಡೋಣ."

ಅವನ ಮುಖ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ನಿಜವಾದ ಕಷ್ಟ ಮುದ್ದೆಯದಲ್ಲ. ಸೌಮ್ಯಶ್ರೀ ಏನನ್ನೂ ತಿನ್ನುತ್ತಿರಲಿಲ್ಲ. ಪರೀಕ್ಷೆ ಮಾಡಿದರೆ ಕರುಳು ಚೆನ್ನಾಗಿದೆ, ಕೆಲಸ ಮಾಡುತ್ತಿದೆ. ಆದರೆ ಅವಳಿಗೆ ಹಸಿವೇ ಇಲ್ಲ. ಎರಡು ಚಮಚ ಬಾಯಿಗಿಟ್ಟು ತಟ್ಟೆ ದೂಡುತ್ತಿದ್ದಳು. ಬಾಯಿಂದ ಉಣ್ಣದಿದ್ದರೆ ಪೈಪು ತೆಗೆಯುವ ಹಾಗಿಲ್ಲ. ಕಸಿ ಉಳಿಸಲು ಕೊಡುವ ಮಾತ್ರೆಗಳಿಂದ ಸೋಂಕು ತಡೆಯುವ ಮೈಯ ಶಕ್ತಿ ಬೇರೆ ಕುಗ್ಗಿದೆ. ಮೂರನೆಯ ಸಲ ಪೈಪಿಗೆ ಸೋಂಕು ತಗುಲಿದರೆ ಅವಳು ಉಳಿಯುವುದು ಕಷ್ಟವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಇದನ್ನು ಕೇಳಿದ ಮೇಲೆ ಚಾಮಯ್ಯನ ಕಾಲಿಗೆ ಚಕ್ರವೇ ಬಂತು. ಮಗಳ ಮುಂದೆ ತಟ್ಟೆ ಇಟ್ಟರೆ ಬಾಗಿಲಲ್ಲಿ ಒಮ್ಮೆ, ಕಿಟಕಿಯಲ್ಲಿ ಒಮ್ಮೆ ನಿಂತು, ಅವಳ ಗಂಟಲನ್ನೇ ನೋಡುತ್ತಿದ್ದ. "ಇನ್ನೊಂದ್ ತುತ್ತು ಕಣಮ್ಮ" ಅಂದರೆ ಅವಳು ಚಮಚ ಕೆಳಗಿಡುತ್ತಿದ್ದಳು. ಅವನೋ, ಚಪಾತಿ, ಉಪ್ಪಿಟ್ಟು ನುಂಗಿಕೊಂಡು ದಿನ ತಳ್ಳುತ್ತಿದ್ದ. ಅಂಗಿ ಜೋತುಬಿತ್ತು. ಬೀದಿಯವರು ಸಕ್ಕರೆ ಕಾಯಿಲೆಯೇ ಎಂದು ಕೇಳಿದರೆ ಹೂಂ ಅನ್ನುತ್ತಿದ್ದ.

ಒಂದು ದಿನ ಮಾಲವಿಕಾ ಬೇಕೆಂದೇ ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ನಾನೂ ಮಾಸ್ಕ್ ಹಾಕಿಕೊಂಡು ಅಲ್ಲೇ ಕೂತಿದ್ದೆ. ತೂಕ ಇನ್ನೂ ಇಳಿದಿತ್ತು, ತೋಳೂ ಸೊರಗಿತ್ತು. ಸುಮಿತ್ರಮ್ಮ ಮಗಳ ಮುಂದೆ ಅನ್ನದ ತಟ್ಟೆ ಇಟ್ಟು ಪಕ್ಕದಲ್ಲಿ ನಿಂತರು, ಚಾಮಯ್ಯ ಬಾಗಿಲಲ್ಲಿ ನಿಂತ.

"ನಿಮ್ಮದು ಊಟ ಆಯ್ತಾ ಅಮ್ಮ?" ಎಂದು ಕೇಳಿದರು ಮಾಲವಿಕಾ.

"ನಮ್ದು ಆಮೇಲೆ, ಒಳಗೆ."

"ಯಾವಾಗಲೂ ಒಳಗೇನಾ?"

ಉತ್ತರ ಕೊಟ್ಟವಳು ಸೌಮ್ಯಶ್ರೀ.

"ಮೇಡಂ, ಇವ್ರು ಉಣ್ಣೋದನ್ನ ನೋಡಿ ಮೂರು ವರ್ಷ ಆಯ್ತು. ನಾನ್ ಹೋದ್ರೆ ಬಾಗ್ಲು ಹಾಕ್ಕೊಳ್ತಾರೆ. ನನ್ ಮುಂದೆ ತಟ್ಟೆ ಇಟ್ಟು ಎಲ್ರೂ ನಿಂತ್ಕೊಂಡು ನೋಡ್ತಾರೆ. ಪರೀಕ್ಷೆ ಬರೆಯೋ ಮಕ್ಕಳ ಥರ ಕೈಯೇ ಓಡಲ್ಲ. ಮೊದ್ಲು ಅಪ್ಪ ಮುದ್ದೆ ಮುಂದೆ ಕೂತ್ರೆ ಸಾಕು, ನಂಗೂ ಹಸಿವಾಗ್ತಿತ್ತು."

ಮಾಲವಿಕಾ ಟೇಪನ್ನು ಕೆಳಗಿಟ್ಟರು. "ಏನೇನೋ ಅಳೆದೆ, ಇದನ್ನ ಕೇಳಲೇ ಇಲ್ಲ ನಾನು" ಎಂದರು. ಆಮೇಲೆ ಚಾಮಯ್ಯನ ಕಡೆ ತಿರುಗಿದರು. "ಇದರಿಂದಲೇ ಸರಿಹೋಗುತ್ತೆ ಅಂತ ಹೇಳಲ್ಲ. ಆದರೆ ನೋಡೋಣ. ಇವತ್ತು ಇಲ್ಲೇ, ಮಗಳ ಎದುರು ಕೂತು ನೀವು ಮುದ್ದೆ ಊಟ ಮಾಡಿ."

ಚಾಮಯ್ಯನ ಮುಖ ಕಪ್ಪಿಟ್ಟಿತು. ಗೇಟಿನವರೆಗೆ ಹೋಗಿ ಬಂದ. "ನಂಗೆ ಈಗ ಮುದ್ದೆ ಸೇರಲ್ಲ" ಅಂದ.

"ನಿಂಗೆ ಮುದ್ದೆ ಸೇರಲ್ವಾ?" ಅಂದಳು ಸೌಮ್ಯಶ್ರೀ. ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ, ತಟ್ಟೆ ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಕೂತಳು. ನಾನು ಚಾಮಯ್ಯನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದೆ.

"ಮುದ್ದೆ ತಿನ್ನೋ ಹಾಗಿಲ್ಲ ಅವಳು. ಅವಳು ತಿನ್ನೋಗಂಟ ನೀ ತಿನ್ನಲ್ಲ. ನೀ ತಿನ್ನೋಗಂಟ ಅವಳು ಅನ್ನಾನೂ ಮುಟ್ಟಲ್ಲ. ಇದು ಹರಕೆನೇನಯ್ಯ? ಉರುಲು!"

"ಮಾತು ಮುರುದ್ರೆ ಕೊಟ್ಟ ಕರುಳ ವಾಪಸ್ ಕಿತ್ಕೊಂಡ್ರೆ ಏನ್ ಮಾಡ್ಲಿ?" ಎಂದ ಅವನು. "ನನ್ ಜೀವ ತಕ್ಕೊಳ್ಳಲಿ, ಅದಕ್ಕೇನು. ಅವಳ್ದು ತಕ್ಕೊಂಡ್ರೆ?"

"ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ನೀನೇ ಕಣಯ್ಯ. ನನ್ ಹೆಸರೂ ಆ ನಂಜುಂಡಪ್ಪಂದೇ. ಅವನ ಪರವಾಗಿ ನಾನೇ ಹೇಳ್ತೀನಿ, ಹೋಗಿ ಉಣ್ಣು."

ಅವನು ನಗಲಿಲ್ಲ. ನನ್ನ ಮಾತೂ ತಮಾಷೆಯದಾಗಿರಲಿಲ್ಲ, ನನಗೂ ಒಳಗೇ ಹೆದರಿಕೆಯಾಗಿತ್ತು. ಬೀದಿಯ ಕೊನೆಯವರೆಗೆ ಹೋದ, ಬಂದ, ಮತ್ತೆ ಹೋದ. ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು, "ಮುದ್ದೆ ಮಾಡಮ್ಮಿ" ಎಂದ ಹೆಂಡತಿಗೆ.

ಸುಮಿತ್ರಮ್ಮ ಅಡುಗೆಮನೆಯ ಬಾಗಿಲು ತೆರೆದಿಟ್ಟೇ ಹಿಟ್ಟು ತೊಳಸಿದರು, ಸಾರಿಗೆ ಒಗ್ಗರಣೆ ಕೊಟ್ಟರು. ಬೆಳ್ಳುಳ್ಳಿಯ ವಾಸನೆ ಹಜಾರಕ್ಕೆ ಬಂತು. ಚಾಮಯ್ಯ ನೆಲದ ಮೇಲೆ ಕೂತ. ಮೊದಲ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿದ. ಕಣ್ಣು ಮುಚ್ಚಿ ನುಂಗಿದ, ಕಣ್ಣೀರು ಇಳಿಯಿತು.

ಅರ್ಧ ಮುದ್ದೆ ಮುಗಿಯುವಷ್ಟರಲ್ಲಿ ಸೌಮ್ಯಶ್ರೀ ಈ ಕಡೆ ತಿರುಗಿದ್ದಳು. ಅಪ್ಪನ ಕೈಯನ್ನೇ ನೋಡುತ್ತಿದ್ದಳು. ತಟ್ಟೆ ಎಳೆದುಕೊಂಡಳು. ಎರಡು ಚಮಚ ತಿಂದು ನಿಲ್ಲಿಸುತ್ತಾಳೆ ಎಂದುಕೊಂಡೆ. ಚಮಚ ಬದಿಗಿಟ್ಟು ಕೈಯಲ್ಲೇ ಕಲಸಿ ತಿನ್ನತೊಡಗಿದಳು. ತಟ್ಟೆ ಬರಿದಾಯಿತು.

"ಅಮ್ಮ, ಇನ್ನೊಂಚೂರು ಅನ್ನ ಹಾಕು" ಅಂದಳು.

ಸುಮಿತ್ರಮ್ಮ ಸೌಟು ಹಿಡಿದು ನಿಂತಲ್ಲೇ ನಿಂತರು. ಚಾಮಯ್ಯ ಎಂಜಲುಗೈಯಲ್ಲೇ ಎದ್ದು ಹೊರಗೆ ಓಡಿದ. ನಾನೂ ಹಿಂದೆಯೇ ಹೋದೆ. ನಡುಬೀದಿಯಲ್ಲಿ, ನಂಜನಗೂಡಿನ ದಿಕ್ಕಿಗೆ ಮುಖ ಮಾಡಿ ನಿಂತಿದ್ದ.

"ಅಪ್ಪಾ ನಂಜುಂಡಪ್ಪ, ಮಾತು ಮುರ್ದೋನು ನಾನು. ಏನ್ ಕೊಡೋದಿದ್ರೂ ನಂಗೇ ಕೊಡು. ಅವಳ ತಂಟೆಗೆ ಬರ್ಬೇಡ, ನಿನ್ ಕಾಲಿಗೆ ಬೀಳ್ತೀನಿ" ಅನ್ನುತ್ತಿದ್ದ.

ಒಳಗಿಂದ ಸೌಮ್ಯಶ್ರೀ ಕೂಗಿದಳು. ಬಾಯಲ್ಲಿ ಅನ್ನ ಇತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಅಪ್ಪಾ, ಎಲ್ಲೋದೆ? ಬಾ. ಒಬ್ಳೇ ಉಣ್ಣಕ್ಕಾಗಲ್ಲ ನಂಗೆ."

ಚಾಮಯ್ಯ ಒಳಗೆ ಓಡಿದ.